ರಾಣಿ ಕೆಟೆವಾನ್: ಗೋವೆಯ ಗುಡ್ಡದಲ್ಲಿ ಸಿಕ್ಕ ಗುರುತು



ಹಳೆ ಗೋವೆಗೆ ಯಾತ್ರೆ ಹೋದವರೆಲ್ಲ ಬೋಂ ಜೇಸು ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಮುಂದೆ ಮೊಣಕಾಲೂರಿ ಬರುತ್ತೇವೆ. ಅಲ್ಲಿಂದ ಸ್ವಲ್ಪ ದೂರದ ಗುಡ್ಡದ ಮೇಲೆ ಕೆಂಪು ಮುರಕಲ್ಲಿನ ಒಂದು ಮುರಿದ ಗೋಪುರವಿದೆ. ಸುಮಾರು 46 ಮೀಟರ್ ಎತ್ತರ. ಹೆಚ್ಚಿನವರು ಅದರ ಕೆಳಗೆ ನಿಂತು ಒಂದು ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಆ ಗೋಪುರದ ಬುಡದಲ್ಲಿ ಒಬ್ಬ ರಾಣಿಯ ಕೈಮೂಳೆ ಸಿಕ್ಕಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರೇ ಜಾರ್ಜಿಯಾ ದೇಶದ ರಾಣಿ, ರಕ್ತಸಾಕ್ಷಿ ಕೆಟೆವಾನ್.

ಜಾರ್ಜಿಯಾ ಇರುವುದು ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತಗಳ ಮಡಿಲಲ್ಲಿ. ನಾಲ್ಕನೇ ಶತಮಾನದಲ್ಲೇ ಕ್ರಿಸ್ತವಿಶ್ವಾಸವನ್ನು ಸ್ವೀಕರಿಸಿದ ನಾಡು ಅದು. ಕೆಟೆವಾನ್ ಹುಟ್ಟಿದ್ದು ಅಲ್ಲಿನ ಬಗ್ರತಿಯೋನಿ ರಾಜಮನೆತನದಲ್ಲಿ, ಹದಿನಾರನೇ ಶತಮಾನದ ಉತ್ತರಾರ್ಧದಲ್ಲಿ. ಪೂರ್ವ ಜಾರ್ಜಿಯಾದ ಕಾಖೇತಿ ರಾಜ್ಯದ ರಾಜಕುಮಾರ ದಾವೀದನಿಗೆ ಅವರನ್ನು ಮದುವೆ ಮಾಡಿಕೊಟ್ಟರು. ದಾವೀದ ಪಟ್ಟಕ್ಕೆ ಬಂದ ಸ್ವಲ್ಪ ಕಾಲಕ್ಕೇ, 1602ರಲ್ಲಿ, ತೀರಿಕೊಂಡರು. ಮಗ ತೈಮುರಾಜ್ ಇನ್ನೂ ಹುಡುಗ.

1605ರಲ್ಲಿ ಕೆಟೆವಾನರ ಮೈದುನ ಕಾನ್‌ಸ್ಟಂಟೈನ್, ಪರ್ಷಿಯಾದ ಷಾ ಅಬ್ಬಾಸರ ಬೆಂಬಲದಿಂದ ತನ್ನ ತಂದೆಯನ್ನೇ ಕೊಂದು ಸಿಂಹಾಸನ ಹಿಡಿದ. ಆಗ ಈ ವಿಧವೆ ರಾಣಿಯೇ ಸರದಾರರನ್ನು ಒಟ್ಟುಗೂಡಿಸಿ ಅವನ ವಿರುದ್ಧ ನಿಂತರು. ಕಾನ್‌ಸ್ಟಂಟೈನ್ ಸತ್ತ. ತೈಮುರಾಜ್ ರಾಜನಾದ. ಮಗ ಬೆಳೆಯುವವರೆಗೆ ರಾಜ್ಯದ ಹೊಣೆ ಹೊತ್ತವರು ತಾಯಿ.

ಕಾಖೇತಿ ಪುಟ್ಟ ರಾಜ್ಯ. ಒಂದು ಕಡೆ ಪರ್ಷಿಯಾ, ಇನ್ನೊಂದು ಕಡೆ ತುರ್ಕಿಯ ಆಟೋಮನ್ ಸಾಮ್ರಾಜ್ಯ. ಎರಡು ಆನೆಗಳ ನಡುವಿನ ಹುಲ್ಲಿನ ಸ್ಥಿತಿ. 1614ರಲ್ಲಿ ಷಾ ಅಬ್ಬಾಸರ ಸೈನ್ಯ ಬರುವ ಹೊತ್ತಿಗೆ, ಯುದ್ಧ ತಪ್ಪಿಸಲು ಕೆಟೆವಾನ್ ತಾವೇ ಸಂಧಾನಕ್ಕೆ ಹೊರಟರು. ಮೊಮ್ಮಕ್ಕಳಾದ ಅಲೆಕ್ಸಾಂಡರ್ ಮತ್ತು ಲೆವಾನ್ ಕೂಡ ಒತ್ತೆಯಾಳುಗಳಾಗಿ ಷಾ ಕೈಸೇರಿದರು. ಯುದ್ಧ ತಪ್ಪಲಿಲ್ಲ, ಕಾಖೇತಿ ಹಾಳಾಯಿತು. ಆ ಇಬ್ಬರು ಹುಡುಗರನ್ನು ಕ್ರೂರವಾಗಿ ಅಂಗಹೀನರನ್ನಾಗಿ ಮಾಡಿದರು. ಅವರು ಮನೆಗೆ ಮರಳಲೇ ಇಲ್ಲ. ರಾಣಿ ಶಿರಾಜ್ ಪಟ್ಟಣದಲ್ಲಿ ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದರು.

1624ರಲ್ಲಿ ಷಾ ಕೊನೆಯ ಆಜ್ಞೆ ಕಳುಹಿಸಿದರು: ಕ್ರಿಸ್ತವಿಶ್ವಾಸ ಬಿಡಬೇಕು, ಇಲ್ಲವೇ ಸಾಯಬೇಕು. ಈ ಆಜ್ಞೆ ತಲುಪಿದ ಶಿರಾಜಿನ ಅಧಿಕಾರಿ ಇಮಾಂ ಕುಲಿ ಖಾನ್ ಕೂಡ ಜಾರ್ಜಿಯಾ ಮೂಲದ ಮನೆತನದವರೇ. ಕೆಟೆವಾನ್ ಒಪ್ಪಲಿಲ್ಲ. ಕಾದ ಕಬ್ಬಿಣದ ಇಕ್ಕಳಗಳಿಂದ ಹಿಂಸಿಸಿ ಅವರನ್ನು ಕೊಂದರು. ಜಾರ್ಜಿಯಾದ ಧರ್ಮಸಭೆ ಅವರನ್ನು ಸಂತರೆಂದು ಗೌರವಿಸಿ, ತನ್ನ ಪಂಚಾಂಗದಂತೆ ಸೆಪ್ಟೆಂಬರ್ 13ರಂದು ಹಬ್ಬ ಆಚರಿಸುತ್ತದೆ.

ಇಲ್ಲಿ ಒಂದು ಮಾತು. ಇದನ್ನು ಓದಿ ನಮ್ಮ ನೆರೆಯ ಮುಸ್ಲಿಂ ಬಾಂಧವರ ಮೇಲೆ ಯಾರೂ ಮನಸ್ಸು ಕಹಿ ಮಾಡಿಕೊಳ್ಳಬಾರದು. ಇದೇ ಷಾ ಅಬ್ಬಾಸರು ತಮ್ಮ ರಾಜಧಾನಿ ಇಸ್ಫಹಾನಿನಲ್ಲಿ ಅಗಸ್ಟೀನ್ ಸಭೆಯ ಮತ್ತು ಕಾರ್ಮೆಲ್ ಸಭೆಯ ಗುರುಗಳಿಗೆ ಜಾಗ ಕೊಟ್ಟಿದ್ದರು. ರಾಣಿಯ ಸಾವಿನ ಹಿಂದೆ ರಾಜ್ಯದಾಸೆಯೂ ಇತ್ತು.

ಆಗ ಶಿರಾಜಿನಲ್ಲಿ ಪೋರ್ಚುಗೀಸ್ ಅಗಸ್ಟೀನ್ ಸಭೆಯ ಗುರುಗಳಿದ್ದರು. ರಾಣಿ ಆರ್ಥೊಡಾಕ್ಸ್ ಸಭೆಯವರು, ಗುರುಗಳು ಕಥೋಲಿಕರು. ಆದರೂ ಅವರು ರಾಣಿಯ ದೇಹಾವಶೇಷವನ್ನು ಗುಟ್ಟಾಗಿ ಹೊರತೆಗೆದು ಕಾಪಾಡಿದರು. ಒಂದು ಭಾಗವನ್ನು 1628ರಲ್ಲಿ ಜಾರ್ಜಿಯಾಕ್ಕೆ ಒಯ್ದು ಮಗನ ಕೈಗೆ ಒಪ್ಪಿಸಿದರು. ತೈಮುರಾಜ್ ಅದನ್ನು ಅಲಾವೆರ್ದಿ ಪ್ರಧಾನಾಲಯದಲ್ಲಿ ಇರಿಸಿದರು. ಕವಿಯೂ ಆಗಿದ್ದ ಅವರು ತಾಯಿಯ ಯಾತನೆಯನ್ನು ಕಾವ್ಯವಾಗಿ ಬರೆದರು. ಇನ್ನೊಂದು ಭಾಗ 1627ರಲ್ಲಿ ಗೋವೆ ಸೇರಿತು, ಗುಡ್ಡದ ಮೇಲಿನ ಅಗಸ್ಟೀನ್ ಸಭೆಯ ಮಠಕ್ಕೆ.

ಮುಂದೆ ಮಠಕ್ಕೇ ಕಷ್ಟಕಾಲ ಬಂತು. 1830ರ ದಶಕದಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಭೆಗಳನ್ನು ರದ್ದು ಮಾಡಿತು. ಗುರುಗಳು ಹೋದರು, ಮಠ ಬರಿದಾಯಿತು. 1842ರಲ್ಲಿ ದೇವಾಲಯದ ಕಮಾನು ಚಾವಣಿ ಕುಸಿಯಿತು. ಅಲ್ಲಿನ ದೊಡ್ಡ ಗಂಟೆ 1871ರಲ್ಲಿ ಪಣಜಿಯ ಅಮಲೋದ್ಭವ ಮಾತೆಯ ದೇವಾಲಯಕ್ಕೆ ಹೋಯಿತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ರಾಣಿಯ ಅವಶೇಷ ಕಲ್ಲುಮಣ್ಣಿನಡಿ ಎಲ್ಲೋ ಉಳಿಯಿತು.

ಹುಡುಕಾಟಕ್ಕೆ ದಾರಿ ತೋರಿಸಿದ್ದು ಹಳೆಯ ಕಾಗದ. ಮಠದ ಒಳಗಿನ ಸಭಾ ಪ್ರಾರ್ಥನಾಲಯದಲ್ಲಿ, ಎರಡನೇ ಕಿಟಕಿಯ ಬಳಿ, ಕಲ್ಲಿನ ಪೆಟ್ಟಿಗೆಯಲ್ಲಿ ಅವಶೇಷ ಇದೆ ಎಂದು ಪೋರ್ಚುಗೀಸ್ ದಾಖಲೆ ಹೇಳುತ್ತಿತ್ತು. ಆದರೆ ಬಿದ್ದುಹೋದ ಕಟ್ಟಡದಲ್ಲಿ ಕಿಟಕಿ ಯಾವುದು, ಪ್ರಾರ್ಥನಾಲಯ ಯಾವುದು? 1980ರ ದಶಕದಿಂದ ಜಾರ್ಜಿಯಾದವರೂ ನಮ್ಮ ಪುರಾತತ್ವ ಇಲಾಖೆಯವರೂ ಹುಡುಕುತ್ತ ಬಂದರು. 2004ರಲ್ಲಿ ಒಂದು ತೋಳಿನ ಮೂಳೆ ಸಿಕ್ಕಿತು. ಅದಲ್ಲದೆ ಅಲ್ಲಿ ಬೇರೆ ಎರಡು ಮೂಳೆಗಳೂ ಇದ್ದವು.

ಮೂರರಲ್ಲಿ ರಾಣಿಯದು ಯಾವುದು? ಪ್ರಶ್ನೆ ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯಕ್ಕೆ ಹೋಯಿತು. ಬಿಎಸ್ಸಿ ಓದುವಾಗ ಪಾಠ ಮಾಡಿಕೊಂಡಿದ್ದ ವಿಷಯ ಇದು, ಸರಳವಾಗಿ ಹೇಳುತ್ತೇನೆ. ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗಗಳಿವೆ. ಅವುಗಳಿಗೆ ತಮ್ಮದೇ ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಬರುತ್ತದೆ: ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಕ್ಕಳಿಗೆ. ಒಂದು ಕೋಶದಲ್ಲಿ ಇದರ ಪ್ರತಿಗಳು ಬಹಳ ಇರುವುದರಿಂದ ಹಳೆಯ ಮೂಳೆಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಅದರಲ್ಲಿನ ಸಣ್ಣ ಸಣ್ಣ ಬದಲಾವಣೆಗಳನ್ನು ನೋಡಿ, ಆ ತಾಯಿಯ ವಂಶ ಯಾವ ಸೀಮೆಯಲ್ಲಿ ಹೆಚ್ಚು ಕಾಣುತ್ತದೆ ಎಂದು ಹೇಳಬಹುದು.

ಎರಡು ಮೂಳೆಗಳಲ್ಲಿ ಸಿಕ್ಕಿದ್ದು ನಮ್ಮ ಭಾರತದ ಕಡೆಯ ಗುಂಪು. ತೋಳಿನ ಮೂಳೆಯಲ್ಲಿ ಮಾತ್ರ ಯು1ಬಿ ಎಂಬ ಗುಂಪು ಸಿಕ್ಕಿತು. 22,000ಕ್ಕೂ ಹೆಚ್ಚು ಭಾರತೀಯರ ಮಾಹಿತಿಯಲ್ಲಿ ಅದು ಒಬ್ಬರಲ್ಲೂ ಇರಲಿಲ್ಲ. ಜಾರ್ಜಿಯಾದವರ ಮಾದರಿಗಳಲ್ಲಿ ಇತ್ತು. ವಿಜ್ಞಾನಿಗಳು ಇದನ್ನು ಪ್ರಕಟಿಸುವಾಗ ಬಹುಶಃ ರಾಣಿಯದೇ ಎಂದಷ್ಟೇ ಬರೆದರು. ಡಿಎನ್‌ಎಗೆ ಹೆಸರು ಹೇಳಲು ಬರುವುದಿಲ್ಲ. ಅದು ಸೀಮೆ ತೋರಿಸಿತು, ದಾಖಲೆ ಜಾಗ ತೋರಿಸಿತು. ಎರಡೂ ಕೂಡಿದಾಗ ಕೆಟೆವಾನ್ ಎಂಬ ಹೆಸರು ಬಂತು.

2017ರಲ್ಲಿ ಆ ಅವಶೇಷ ದರ್ಶನಕ್ಕೆಂದು ಜಾರ್ಜಿಯಾಕ್ಕೆ ಹೋಗಿ ಮರಳಿ ಬಂತು. 2021ರ ಜುಲೈ ತಿಂಗಳಲ್ಲಿ ನಮ್ಮ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ಟಿಬಿಲಿಸಿಗೆ ಹೋದಾಗ ಅದರ ಒಂದು ಭಾಗವನ್ನು ಆ ದೇಶಕ್ಕೇ ಒಪ್ಪಿಸಿದರು. ಸಂಧಾನಕ್ಕೆಂದು ಮನೆ ಬಿಟ್ಟು ಹೋದ ತಾಯಿ, ನಾಲ್ಕು ನೂರು ವರ್ಷಗಳ ನಂತರ ನಮ್ಮ ದೇಶದ ಮೂಲಕ ಊರು ಸೇರಿದರು.

ಇದನ್ನು ನಮ್ಮ ಪತ್ರಿಕೆಗೆ ಯಾಕೆ ಬರೆದೆ ಎಂದರೆ, ಯುವಕರ ಕೂಟದಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ನಾವು ಎಲ್ಲಿಯವರು? ಕನ್ನಡ ಮಾತಾಡುವ ನಮ್ಮನ್ನು ಇಲ್ಲಿ ಹೊರಗಿನವರು ಎನ್ನುತ್ತಾರೆ. ಕರ್ನಾಟಕಕ್ಕೆ ಹೋದರೆ ಅಲ್ಲೂ ಅದೇ ಮಾತು. ದುಡ್ಡು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ ಎಂದು ಒಬ್ಬ ತಂಗಿ ಕೇಳಿದಳು. ಸೀಮೆ ಗೊತ್ತಾಗಬಹುದು. ಆದರೆ ಅಜ್ಜಿ ಯಾವ ಭಾಷೆಯಲ್ಲಿ ಜಪಸರ ಹೇಳುತ್ತಿದ್ದರು, ಯಾವ ಬರಗಾಲಕ್ಕೆ ಊರು ಬಿಟ್ಟರು ಎಂಬುದು ಯಾವ ಮೂಳೆಯಲ್ಲೂ ಇರುವುದಿಲ್ಲ. ಅದು ಜ್ಞಾನಸ್ನಾನದ ಪುಸ್ತಕದಲ್ಲಿ, ಮದುವೆಯ ಪುಸ್ತಕದಲ್ಲಿ, ಮನೆಯ ಹಿರಿಯರ ಬಾಯಲ್ಲಿ ಇದೆ.

ಕೆಟೆವಾನರನ್ನು ಕಾಪಾಡಿದ ಗುರುಗಳು ಅವರ ಭಾಷೆಯವರಲ್ಲ, ಅವರ ಸಭೆಯವರೂ ಅಲ್ಲ. ಮೂರು ನಾಲ್ಕು ಭಾಷೆಗಳಲ್ಲಿ ಬಲಿಪೂಜೆ ನಡೆಯುವ ನಮ್ಮ ಧರ್ಮಪ್ರಾಂತ್ಯಕ್ಕೆ ಇದು ನೆನಪಿರಲಿ. ಈ ವಾರ ಮನೆಯ ಹಿರಿಯರ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಅವರು ಹೇಳಿದ ಹೆಸರು, ಊರು, ವರ್ಷ ಬರೆದಿಡಿ. ಮುಂದಿನ ಯುವಕರ ಕೂಟಕ್ಕೆ ಅದನ್ನು ತನ್ನಿ.

ರಕ್ತಸಾಕ್ಷಿಗಳ ಪ್ರಾರ್ಥನೆ ನಮ್ಮೆಲ್ಲರ ಮನೆಗಳನ್ನು ಕಾಯಲಿ.