ಜನಸಾಮಾನ್ಯರ ಮನೆಯಂಗಳದ ಚಿತ್ರಕಾರ: ಎಸ್. ಎಂ. ಪಂಡಿತರು

ಕರಾವಳಿಯ ವಾಮಂಜೂರಿನಂಥ ಊರಿನ ಅಂಗಡಿಯಾಗಲಿ, ಕಲಬುರಗಿ ಸೀಮೆಯ ಹಳ್ಳಿಯ ಮನೆಯಾಗಲಿ, ಗೋಡೆಯ ಮೇಲೊಂದು ಚಿತ್ರದ ಕ್ಯಾಲೆಂಡರ್ ತೂಗುಹಾಕದೆ ಹೊಸ ವರ್ಷವನ್ನು ಬರಮಾಡಿಕೊಳ್ಳದ ಕಾಲವೊಂದಿತ್ತು. ವರ್ಷ ಮುಗಿದು ತಾರೀಖಿನ ಹಾಳೆಗಳು ಹರಿದುಹೋದ ಮೇಲೂ ಚಿತ್ರವನ್ನು ಮಾತ್ರ ಕತ್ತರಿಸಿ, ಚೌಕಟ್ಟು ಹಾಕಿಸಿ ಕಾಪಾಡಿಕೊಂಡು ಬಂದ ಮನೆಗಳು ಎಷ್ಟೋ. ಅದನ್ನು ಬರೆದ ಕೈ ಯಾರದೆಂದು ವಿಚಾರಿಸಿದವರು ಮಾತ್ರ ವಿರಳ. ಹಾಗೆ ತನ್ನ ಚಿತ್ರಗಳಿಂದ ಮನೆಮನೆಯನ್ನು ಹೊಕ್ಕ ಕನ್ನಡಿಗರೇ ಸಾಂಬಾನಂದ ಮೋನಪ್ಪ ಪಂಡಿತರು.

ಪಂಡಿತರು 1916ರಲ್ಲಿ ಕಲಬುರಗಿಯ ಕುಶಲಕರ್ಮಿಗಳ ಮನೆತನವೊಂದರಲ್ಲಿ ಜನಿಸಿದರು. ಆಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಚಿತ್ರ ಬರೆದು ಜೀವಿಸಬಹುದೆಂಬ ನಂಬಿಕೆ ಅಂದಿನ ತಂದೆತಾಯಿಗಳಲ್ಲಿ ಅಪರೂಪವಾಗಿದ್ದಿತು. ಆದರೆ ಬಾಲಕನ ಭಾಗ್ಯಕ್ಕೆ ಊರಿನಲ್ಲೇ ಶಂಕರರಾವ್ ಆಳಂದಕರರೆಂಬ ಗುರುಗಳು ದೊರೆತರು. ಅವರ ಬಳಿ ಮೊದಲ ಪಾಠಗಳನ್ನು ಕಲಿತು ಪಂಡಿತರು ಮುಂಬಯಿಯ ಹಾದಿ ಹಿಡಿದರು.

ಮುಂಬಯಿಯಲ್ಲಿ ಕನ್ನಡಿಗರಾದ ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರವು ದೂರದ ಊರುಗಳಿಂದ ಬಂದ ಬಡ ವಿದ್ಯಾರ್ಥಿಗಳಿಗೆ ಆಶ್ರಯದಂತಿದ್ದಿತು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂದೆ ಜಗತ್ಪ್ರಸಿದ್ಧರಾದ ಕೆ. ಕೆ. ಹೆಬ್ಬಾರರೂ ಇಲ್ಲಿಯೇ ಅಭ್ಯಾಸ ಮಾಡಿದವರು. ಒಂದೇ ಗುರುಮನೆಯಿಂದ ಹೊರಟು ಇಬ್ಬರೂ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದರೂ ಅವರ ಮುಂದಿನ ದಾರಿಗಳು ಬೇರೆಯಾದವು. ಹೆಬ್ಬಾರರು ಪ್ರದರ್ಶನ ಮಂದಿರಗಳ ಕಲಾವಿದರಾದರು. ಪಂಡಿತರು ಬೀದಿಯ ಮತ್ತು ಮನೆಯ ಕಲಾವಿದರಾದರು.

ಅದು ಕಲೆಯು ಉದ್ಯೋಗದ ರೂಪ ತಾಳುತ್ತಿದ್ದ ಕಾಲ. ಜೆ. ಜೆ. ಶಾಲೆಯಲ್ಲಿ 1935ರಲ್ಲಿ ವಾಣಿಜ್ಯ ಕಲೆಯ ವಿಭಾಗ ತೆರೆಯಿತು. ಅಮೆರಿಕೆಯ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯ ಚಲನಚಿತ್ರಗಳಿಗೆ ಪಂಡಿತರು ಪ್ರಚಾರ ಚಿತ್ರಗಳನ್ನು ರಚಿಸಿದರು. ಬಾಬುರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಮಾಸಪತ್ರಿಕೆಯ ಮುಖಪುಟಗಳು ಅವರ ಹೆಸರನ್ನು ದೇಶದಲ್ಲೆಲ್ಲ ಹರಡಿದವು. 1949ರಲ್ಲಿ ತೆರೆಕಂಡ ರಾಜ್ ಕಪೂರರ 'ಬರ್ಸಾತ್' ಚಿತ್ರದ ಭಿತ್ತಿಪತ್ರವೂ ಅವರ ಕುಂಚದ್ದೇ.

ಈ ವೃತ್ತಿಯ ನಿಯಮಗಳು ಕಠಿಣವಾದವು. ಬಿಡುಗಡೆಯ ದಿನ ಗೊತ್ತಾದ ಮೇಲೆ ಕಲಾವಿದನ ಸ್ಫೂರ್ತಿಗಾಗಿ ಯಾರೂ ಕಾಯುವುದಿಲ್ಲ. ಬೀದಿಯಲ್ಲಿ ನಡೆದುಹೋಗುವವನ ಕಣ್ಣನ್ನು ಕ್ಷಣಮಾತ್ರದಲ್ಲಿ ಹಿಡಿದು ನಿಲ್ಲಿಸಬೇಕು. ಅಕ್ಷರಗಳಿಗೆ ಮೊದಲೇ ಎಡೆ ಬಿಡಬೇಕು. ಬರೆದ ಬಣ್ಣ ಮುದ್ರಣದಲ್ಲಿ ಹೇಗೆ ಮೂಡೀತೆಂಬ ತಿಳಿವೂ ಬೇಕು. ಇಷ್ಟಾದರೂ ಚಿತ್ರ ಬದಲಾದೊಡನೆ ಹಳೆಯ ಭಿತ್ತಿಪತ್ರದ ಮೇಲೆ ಹೊಸದನ್ನು ಅಂಟಿಸಲಾಗುತ್ತದೆ. ತನ್ನ ಕೃತಿಯ ಆಯುಷ್ಯ ಕೆಲವೇ ವಾರಗಳೆಂದು ಬಲ್ಲವನು ಶ್ರದ್ಧೆಯನ್ನು ಕಡಿಮೆ ಮಾಡದೆ ದುಡಿಯುವುದು ಸಣ್ಣ ಸಾಧನೆಯಲ್ಲ.

ಪಂಡಿತರ ಪ್ರತಿಭೆ ಪೂರ್ಣವಾಗಿ ಅರಳಿದ್ದು ಪುರಾಣೇತಿಹಾಸಗಳ ಚಿತ್ರಗಳಲ್ಲಿ. ರಾಧಾಕೃಷ್ಣರು, ನಳದಮಯಂತಿ, ವಿಶ್ವಾಮಿತ್ರ ಮೇನಕೆಯರು ಅವರ ಕೈಯಲ್ಲಿ ಮಾಂಸಲವಾದ ಮೈಕಟ್ಟನ್ನೂ ನೆರಳು ಬೆಳಕಿನ ಕಾಂತಿಯನ್ನೂ ಪಡೆದರು. ಪಾಶ್ಚಾತ್ಯ ಶೈಲಿಯ ದೇಹರಚನಾಜ್ಞಾನವೂ ಸಿನಿಮಾದ ಬೆಳಕಿನ ವಿನ್ಯಾಸವೂ ಭಾರತೀಯ ಕಥಾವಸ್ತುವಿನೊಡನೆ ಬೆರೆತು, ಕ್ಯಾಲೆಂಡರುಗಳ ರೂಪದಲ್ಲಿ ಈ ಚಿತ್ರಗಳು ದೇಶವ್ಯಾಪಿಯಾದವು.

ಆದರೆ ಜನಪ್ರಿಯತೆಯೇ ಅವರಿಗೊಂದು ತೊಡಕಾಯಿತು. ಹೊಸ ಪಂಥದ ವಿಮರ್ಶೆಯ ದೃಷ್ಟಿಯಲ್ಲಿ ಕ್ಯಾಲೆಂಡರ್ ಕಲೆ ಎಂಬ ಮಾತೇ ಹಗುರವಾದ ನುಡಿಯಾಗಿದ್ದಿತು. ಮತ್ತೊಬ್ಬರ ಬೇಡಿಕೆಗೆ ಬರೆದುದು ಶುದ್ಧ ಕಲೆಯೆನಿಸದೆಂಬ ಭಾವನೆ ಬಲವಾಗಿದ್ದಿತು. ಬೇಡಿಕೆಗೆ ಒಳಪಟ್ಟ ಚಿತ್ರಗಳಲ್ಲಿ ಅಲಂಕಾರವೂ ಮೋಹಕತೆಯೂ ಕೆಲವೊಮ್ಮೆ ಮಿಗಿಲಾದುದನ್ನು ಅಲ್ಲಗಳೆಯುವಂತಿಲ್ಲ. ಆದರೂ ರೇಖೆಯ ಬಿಗಿ ಎಂದೂ ಸಡಿಲಾಗಲಿಲ್ಲ. ಕಲಾಮಂದಿರದ ಮೆಟ್ಟಿಲನ್ನೇ ಹತ್ತದ ಲಕ್ಷಾಂತರ ಜನರಿಗೆ ಚಿತ್ರವೆಂದರೆ ಏನೆಂದು ತೋರಿಸಿದುದು ಈ ಅಗ್ಗದ ಕಾಗದವೇ.

ಮುಂಬಯಿಯಲ್ಲಿ ಕೀರ್ತಿಯನ್ನೂ ಸಂಪಾದನೆಯನ್ನೂ ಕಂಡ ಪಂಡಿತರು ಬಳಿಕ ಹುಟ್ಟೂರಿಗೆ ಮರಳಿ, ಕಲಬುರಗಿಯಲ್ಲಿಯೇ ತಮ್ಮ ಇಚ್ಛೆಯ ಚಿತ್ರಗಳನ್ನು ಬರೆಯುತ್ತ ನೆಲೆಸಿದರು. 1978ರಲ್ಲಿ ಲಂಡನ್ನಿನಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರ ಅವರ ಭಾವಚಿತ್ರ ಕನ್ಯಾಕುಮಾರಿಯನ್ನು ಸೇರಿತು. 1993ರಲ್ಲಿ ಪಂಡಿತರು ಕಾಲವಾದರು. ಕಲಬುರಗಿಯ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಅವರ ಕಾಲದಲ್ಲಿ ವಾಣಿಜ್ಯ ಕಲೆಯೆನಿಸಿಕೊಂಡುದು ಇಂದು ವಿನ್ಯಾಸವೆಂಬ ಹೆಸರಿನಿಂದ ಗೌರವದ ಉದ್ಯೋಗವಾಗಿದೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾದ ಬಳಿಕ ಅಂಥ ವಿದ್ಯೆಗೆ ಪ್ರತ್ಯೇಕ ವಿದ್ಯಾಲಯಗಳೂ ಪದವಿಗಳೂ ದೊರೆತಿವೆ. ಪಂಡಿತರ ಬಾಲ್ಯದಲ್ಲಿ ಇವೊಂದೂ ಇರಲಿಲ್ಲ. ಊರಿನ ಗುರುಗಳೊಬ್ಬರೂ ಪರಊರಿನ ಗುರುಮನೆಯೊಂದೂ ಇದ್ದವು. ಪಠ್ಯಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುವ ಮಗುವನ್ನು ಗದರಿಸುವ ಮುನ್ನ ಉಪಾಧ್ಯಾಯರು ಒಮ್ಮೆ ಆಳಂದಕರರನ್ನೂ, ಬಡ ವಿದ್ಯಾರ್ಥಿಗೆ ನೆರವಾಗುವ ಮುನ್ನ ದಾನಿಗಳು ಒಮ್ಮೆ ನೂತನ ಕಲಾಮಂದಿರವನ್ನೂ ನೆನೆದರೆ, ಪಂಡಿತರ ಜೀವನಕಥೆ ನಮ್ಮ ಶಾಲೆಗಳಿಗೆ ಸಾರ್ಥಕವಾಗಿ ಒದಗಿದಂತಾಗುತ್ತದೆ.