ಲಕ್ಷ್ಮಮ್ಮ ಕುದುರೆ, ರೇಣುಕಪ್ಪ ಕೋಣ

ಮಕ್ಕಳೇ, ನಿಮ್ಮ ತರಗತಿಯಲ್ಲಿ ಚೀನೀ ಮನೆಯ ಗೆಳೆಯರಿದ್ದರೆ "ನಾನು ಕುದುರೆ ವರ್ಷದಲ್ಲಿ ಹುಟ್ಟಿದವನು" ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಇಲಿಯಿಂದ ಹಂದಿಯವರೆಗೆ ಹನ್ನೆರಡು ಪ್ರಾಣಿಗಳು, ವರ್ಷಕ್ಕೊಂದು. 2014ರ ಚೀನೀ ಹೊಸವರ್ಷದಿಂದ ಒಂದು ವರ್ಷ ಕುದುರೆಯದು. ಮದುವೆಯ ಮಾತು ಬಂದಾಗ ಅಲ್ಲಿನ ಹಿರಿಯರು ನಾಲ್ಕು ವರ್ಷ ಅಂತರದ ಜೋಡಿ ಒಳ್ಳೆಯದು, ಆರು ವರ್ಷದ್ದು ಬೇಡ ಎನ್ನುತ್ತಿದ್ದರು. ಇಲಿಗೂ ಕುದುರೆಗೂ ಆಗಿಬರದು ಎಂಬ ನಂಬಿಕೆ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಿಮ್ಮ ಅಜ್ಜಿಯರ ಹತ್ತಿರವೂ ಇಂಥದ್ದೇ ಒಂದು ಪ್ರಾಣಿ ಲೆಕ್ಕವಿದೆ. ಅಲ್ಲಿ ಅದು ವರ್ಷದ್ದು, ಇಲ್ಲಿ ನಕ್ಷತ್ರದ್ದು. 27 ನಕ್ಷತ್ರಗಳಿಗೆ 14 ಪ್ರಾಣಿಗಳು. ಅಶ್ವಿನಿ, ಶತಭಿಷ ಕುದುರೆ. ಭರಣಿ, ರೇವತಿ ಆನೆ. ರೋಹಿಣಿ, ಮೃಗಶಿರ ಹಾವು. ಉತ್ತರಾಷಾಢಕ್ಕೆ ಮಾತ್ರ ಮುಂಗುಸಿ. ಹಾವು ಮುಂಗುಸಿ, ಬೆಕ್ಕು ಇಲಿ, ಹಸು ಹುಲಿ, ಕುದುರೆ ಕೋಣ ಇವೆಲ್ಲ ಬದ್ಧವೈರಿಗಳು. ಪಂಚಾಂಗದಲ್ಲಿ ಇದರ ಹೆಸರು ಯೋನಿಕೂಟ. ಗಂಡು ಹೆಣ್ಣಿನ ಜಾತಕ ಕೂಡಿಸುವ ಎಂಟು ಲೆಕ್ಕಗಳಲ್ಲಿ ಇದು ಒಂದು. ಎಂಟೂ ಸೇರಿ 36 ಗುಣ. ಅರ್ಧ, ಅಂದರೆ 18 ಬಂದರೆ ಸಾಲಾವಳಿ ಕೂಡಿತು ಎನ್ನುತ್ತಾರೆ.

ಹಿಂದೆ ಹಳ್ಳಿಯಲ್ಲಿ ಮಗು ಹುಟ್ಟಿದ ಗಳಿಗೆಯನ್ನು ಬರೆದಿಡುವವರು ಕಡಿಮೆ. ಜಾತಕವೇ ಇಲ್ಲದವರ ಗತಿ? ಅದಕ್ಕೆ ಹೆಸರುಬಲ ಎಂಬ ದಾರಿಯಿತ್ತು. ಹೆಸರಿನ ಮೊದಲ ಅಕ್ಷರದಿಂದಲೇ ನಕ್ಷತ್ರ ಹಿಡಿಯುವುದು. ಒಂದು ಉದಾಹರಣೆ ಮಾಡಿ ನೋಡೋಣ. ಗುಬ್ಬಿಯ ಕಡೆ ಲಕ್ಷ್ಮಮ್ಮ ಎಂಬ ಹೆಣ್ಣು, ಕುಣಿಗಲ್ ಕಡೆ ರೇಣುಕಪ್ಪ ಎಂಬ ಗಂಡು ಇದ್ದಾರೆ ಎಂದುಕೊಳ್ಳಿ. ಚು, ಚೇ, ಚೋ, ಲ ಅಶ್ವಿನಿಯ ಅಕ್ಷರಗಳು. ಹಾಗಾಗಿ ಲಕ್ಷ್ಮಮ್ಮ ಅಶ್ವಿನಿ, ಕುದುರೆ. ರು, ರೇ, ರೋ, ತ ಸ್ವಾತಿಯವು. ರೇಣುಕಪ್ಪ ಸ್ವಾತಿ, ಕೋಣ. ಯೋನಿಕೂಟಕ್ಕೆ ಇರುವ 4 ಗುಣದಲ್ಲಿ ಇವರಿಗೆ ಬರುವುದು ಸೊನ್ನೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿಕೊಂಡು ಬಂದ ಕುಣಿಗಲ್ಲಿನಲ್ಲಿ ಗಂಡು ಕೋಣವಾಗಿ, ಗುಬ್ಬಿಯ ಹೆಣ್ಣು ಕುದುರೆಯಾದಳು!

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಆ ಎಂಟರಲ್ಲಿ ಗಣ, ರಾಶಿ, ನಾಡಿ ಎಂಬ ಲೆಕ್ಕಗಳೂ ಇವೆ. ಇಬ್ಬರದೂ ದೇವಗಣ, ಅದಕ್ಕೆ 6. ಅವಳದು ಮೇಷ, ಅವನದು ತುಲಾ. ಒಂದಕ್ಕೊಂದು ಏಳನೆಯ ರಾಶಿ, ಅದಕ್ಕೆ 7. ನಾಡಿ ಬೇರೆ ಬೇರೆ, ಅದಕ್ಕೆ 8. ಈ ಮೂರರಲ್ಲೇ 21 ಆಯಿತು. ವೈರಿಗಳೆನಿಸಿದ ಕುದುರೆ ಕೋಣಕ್ಕೆ ಮದುವೆ ಮಾಡಬಹುದು ಎಂದು ಅದೇ ಪಂಚಾಂಗವೇ ಹೇಳುತ್ತದೆ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ತುಂಬಿಬರುವ ಈ ಲೆಕ್ಕ ನನಗೆ ಬಹಳ ಇಷ್ಟ.

ಜಾತಕಕ್ಕಿಂತ ಮೊದಲು ಕೇಳುವ ಪ್ರಶ್ನೆ ಇನ್ನೊಂದಿದೆ: "ನಿಮ್ಮದು ಯಾವ ಬೆಡಗು?" ತುಮಕೂರು ಸೀಮೆಯ ಕುಂಚಿಟಿಗರಲ್ಲಿ, ವೀರಶೈವ ಲಿಂಗಾಯತರಲ್ಲಿ, ಬೇರೆ ಹಲವರಲ್ಲೂ ಮನೆತನಗಳನ್ನು ಬೆಡಗುಗಳಾಗಿ ಗುರುತಿಸುತ್ತಾರೆ. ಬೆಡಗು ಒಂದೇ ಆದರೆ ಅಣ್ಣ ತಂಗಿ ಆದಂತೆ. ಮದುವೆಯ ಮಾತೇ ಇಲ್ಲ. ಆದರೆ ಸೋದರಮಾವನ ಮಗಳು ಬೇರೆ ಬೆಡಗಿನವಳು, ಆದ್ದರಿಂದ ಆಗುತ್ತದೆ. ಆ ಸಂಬಂಧಕ್ಕೆ ಎಷ್ಟೋ ಮನೆಗಳಲ್ಲಿ ಜಾತಕವನ್ನೂ ನೋಡುತ್ತಿರಲಿಲ್ಲ. ಹತ್ತಿರದ ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳಿಗೆ ಕೆಲವು ಆನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚು ಎಂದು ವೈದ್ಯರು ಹೇಳುವುದನ್ನು ಇಂದು ಅದೇ ಮನೆಗಳು ಕೇಳಿಸಿಕೊಳ್ಳುತ್ತಿವೆ.

ಇಷ್ಟಾದ ಮೇಲೂ ಮನಸ್ಸು ತೂಗಾಡಿದರೆ ದೇವರಲ್ಲಿ ಹೂ ಕೇಳುತ್ತಿದ್ದರು. ಪೂಜಾರಿ ದೇವರ ಮೈಮೇಲೆ ಒದ್ದೆ ಹೂವುಗಳನ್ನು ಅಂಟಿಸುತ್ತಾನೆ, ಮನೆಯವರು ಕೈಮುಗಿದು ಕೂರುತ್ತಾರೆ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಚೀನೀಯರಲ್ಲೂ ಇಂಥ ಕಾಯುವಿಕೆ ಇತ್ತು. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತನ್ನು ಎಂಟು ಅಕ್ಷರದಲ್ಲಿ ಬರೆದ ಚೀಟಿಯನ್ನು ಹಿರಿಯರ ಪೀಠದ ಮುಂದೆ ಮೂರು ದಿನ ಇಡುತ್ತಿದ್ದರು. ಅಷ್ಟರಲ್ಲಿ ಮನೆಯಲ್ಲಿ ಪಾತ್ರೆ ಒಡೆಯದೆ, ಜಗಳವಾಗದೆ ಇದ್ದರೆ ಮಾತು ಮುಂದುವರಿಯುತ್ತಿತ್ತು.

ಇದೆಲ್ಲ ಯಾಕೆ ಉಳಿದುಬಂತು? ನನಗೆ ಕಾಣುವ ಒಂದು ಕಾರಣ ಹೇಳುತ್ತೇನೆ. ಗಂಡಿನ ಮನೆ ನೋಡಲು ಹೋದವರು ಕೊಟ್ಟಿಗೆ ನೋಡಿ, ಬಾವಿಯ ನೀರು ನೋಡಿ, ಅಕ್ಕಪಕ್ಕದವರ ಹತ್ತಿರ ಹುಡುಗನ ನಡತೆ ವಿಚಾರಿಸಿ ಬರುತ್ತಿದ್ದರು. ಅವನು ಕುಡಿಯುತ್ತಾನೆಂದು ತಿಳಿದರೆ ಅದನ್ನು ಅವರ ಮುಖಕ್ಕೆ ಹೇಳುವುದು ಹೇಗೆ? ನಾಳೆ ಗುಬ್ಬಿ ಜಾತ್ರೆಯಲ್ಲಿ ಎದುರಾಗಬೇಕಲ್ಲ! "ಸಾಲಾವಳಿ ಕೂಡಿಬರಲಿಲ್ಲ ಕಣಪ್ಪ" ಎಂದರೆ ಸಾಕು. ಯಾರ ಮಾನವೂ ಹೋಗಲಿಲ್ಲ, ತಪ್ಪೆಲ್ಲ ನಕ್ಷತ್ರದ್ದು. ಬೇಡ ಎನ್ನಲು ನಮ್ಮ ಹಿರಿಯರು ಕಂಡುಕೊಂಡ ಈ ಮೆತ್ತನೆಯ ದಾರಿ ನಿಜಕ್ಕೂ ದೊಡ್ಡದು.

ಅದೇ ನಕ್ಷತ್ರ ಹೆಣ್ಣುಮಕ್ಕಳನ್ನು ಅಳಿಸಿಯೂ ಇದೆ. ಮೂಲಾ ನಕ್ಷತ್ರದವಳು ಮಾವನಿಗೆ ಆಗಳು, ಆಶ್ಲೇಷಾದವಳು ಅತ್ತೆಗೆ ಆಗಳು ಎಂಬ ಮಾತಿನಿಂದ ಎಷ್ಟೋ ಸಂಬಂಧಗಳು ಬಾಗಿಲಲ್ಲೇ ನಿಂತವು. ಜಪಾನಿನಲ್ಲೂ ಹೀಗೇ ಆಯಿತು: ಬೆಂಕಿ ಕುದುರೆಯ ವರ್ಷದ ಹೆಣ್ಣು ಗಂಡನಿಗೆ ಕೇಡು ಎಂದು ಹೆದರಿ 1966ರಲ್ಲಿ ಆ ದೇಶದ ಜನನಗಳು ಸುಮಾರು ಕಾಲು ಭಾಗ ಇಳಿದವು. ಹುಟ್ಟಿದ ಗಳಿಗೆಗಾಗಿ ಹುಡುಗಿಯನ್ನು ಬೇಡ ಎನ್ನುವುದು ಅನ್ಯಾಯ. ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣ, ರಾಶಿ ಕೂಡಿದೆಯೇ ಎಂದು ಭಕ್ತರು ತಡಕಾಡುವ ಅಗತ್ಯವಿಲ್ಲ ಎಂದಿದ್ದರು. ಆ ಶರಣ ಪರಂಪರೆಯ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿದೆ. ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮನನ್ನು ಕೇಳಿ, ಕರೆದುಕೊಂಡು ಹೋಗುತ್ತಾರೆ.

ಈಗ 36 ಗುಣದ ಲೆಕ್ಕವನ್ನು ಮೊಬೈಲು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೇಳಿಬಿಡುತ್ತದೆ. ವಿಚಾರಿಸುವ ಕೆಲಸವನ್ನು ಮಾತ್ರ ತುಮಕೂರಿನ ನಿಮ್ಮ ದೊಡ್ಡಮ್ಮ, ಚಿಕ್ಕಪ್ಪಂದಿರೇ ಇಂದಿಗೂ ಮಾಡುತ್ತಾರೆ. ಮುಂದಿನ ಸಲ ಫೋನಿನಲ್ಲಿ ಅಜ್ಜಿ ಸಿಕ್ಕಾಗ ಕೇಳಿ: ನಮ್ಮ ಬೆಡಗು ಯಾವುದು, ನನ್ನ ನಕ್ಷತ್ರದ ಪ್ರಾಣಿ ಯಾವುದು, ಅಜ್ಜನಿಗೂ ನಿನಗೂ ಎಷ್ಟು ಗುಣ ಬಂದಿತ್ತು?