ಮೈಸೂರಿನ ಹಣ, ಪೂನಾದ ಓದು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಅಣೆಕಟ್ಟು ಕಾರ್ಖಾನೆಗಳ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿಯೇ ಓದಿರುತ್ತೇವೆ. ಅವರು ಯಾರ ಹಣದಿಂದ ಓದಿದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆಯುವ ನಮಗೆ ಅದೇ ಹೆಚ್ಚು ಹತ್ತಿರದ ವಿಷಯವೆಂದು ನನಗೆ ತೋರುತ್ತದೆ.

ಮೋಕ್ಷಗುಂಡಂ ಈಗಿನ ಆಂಧ್ರಪ್ರದೇಶದ ಊರು. ಪೂರ್ವಿಕರು ಅಲ್ಲಿಂದ ವಲಸೆ ಬಂದವರು, ಮನೆಮಾತು ತೆಲುಗು. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆಯಿತ್ತು. ಸೆಂಟ್ರಲ್ ಕಾಲೇಜಿನ ಖರ್ಚಿಗಾಗಿ ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1881ರಲ್ಲಿ ಬಿ.ಎ. ಮುಗಿಯಿತು.

ಮುಂದಿನ ಎಂಜಿನಿಯರಿಂಗ್ ಓದಿಗೆ ಪೂನಾಕ್ಕೆ, ಎಂದರೆ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಹೋಗಬೇಕಾಗಿತ್ತು. ಮೈಸೂರು ಸರ್ಕಾರ ವೇತನ ಕೊಟ್ಟು ಕಳುಹಿಸಿತು. ರಾಜ್ಯವು ಒಡೆಯರ ಕೈಗೆ ಮರಳಿದ್ದು ಆ ವರ್ಷವೇ. 1876–78ರ ಕ್ಷಾಮದ ಗಾಯ ಇನ್ನೂ ಮಾಗಿರಲಿಲ್ಲ. ಆದರೂ ಹೆಸರಿನಲ್ಲಿ ಪರಸ್ಥಳವನ್ನು ಹೊತ್ತ ಹುಡುಗನನ್ನು ಮೈಸೂರು ತನ್ನವನೆಂದೇ ಎಣಿಸಿತು. ಗಡಿಯಾಚೆಯ ಓದಿಗೂ ಹಣ ಕೊಟ್ಟಿತು.

ಈ ಮಾತು ಬರೆಯುವಾಗ ಮಲ್ಲಿಪಟ್ಟಣದ ಕಡೆಯ ನನ್ನ ಸಹಪಾಠಿಯೊಬ್ಬನ ನೆನಪಾಗುತ್ತದೆ. ತಂದೆ ಕಾಫಿ ತೋಟದ ಕೆಲಸಕ್ಕೆ ತಮಿಳುನಾಡಿನಿಂದ ಬಂದವರು. ಮಗ ಹುಟ್ಟಿ ಓದಿದ್ದೆಲ್ಲ ಇಲ್ಲಿಯೇ. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ಮತ್ತೊಂದಕ್ಕೆ ವಲಸೆ ಹೋದರೆ ಆ ಸೌಲಭ್ಯ ಅವರೊಡನೆ ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿದೆ. ಅವನ ಅರ್ಜಿ ನಿಂತಿರುವುದು ಅಲ್ಲಿಯೇ. ಸ್ಥಳೀಯರ ಪಾಲನ್ನು ಕಾಯುವುದಕ್ಕೆ ನಿಯಮ ಬೇಕು, ಒಪ್ಪುತ್ತೇನೆ. ಇಲ್ಲಿಯೇ ಹುಟ್ಟಿದವನು ಎಲ್ಲಿಯವನೆಂಬುದಕ್ಕೆ ಆ ನಿಯಮದಲ್ಲಿ ಉತ್ತರ ಕಾಣೆ.

ವಿಶ್ವೇಶ್ವರಯ್ಯನವರು 1883ರಲ್ಲಿ ಪೂನಾದಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಸರ್ಕಾರವೇ ಅವರನ್ನು ಸಹಾಯಕ ಎಂಜಿನಿಯರನ್ನಾಗಿ ತೆಗೆದುಕೊಂಡಿತು. ಮೈಸೂರು ಓದಿಸಿದ ಬುದ್ಧಿ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು ಕೊಟ್ಟಿತು, ಪೂನಾದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆಯುವ ಬಾಗಿಲುಗಳನ್ನು ಇಟ್ಟಿತು. ಲೆಕ್ಕಪತ್ರದ ಕಣ್ಣಿಗೆ ಇದು ನಷ್ಟವೇ. ಕಾಲು ಶತಮಾನ ಮೈಸೂರಿಗೆ ದಕ್ಕಿದ್ದು ಏನೂ ಇಲ್ಲ.

1909ರಲ್ಲಿ ಅವರು ಮುಖ್ಯ ಎಂಜಿನಿಯರಾಗಿ ಮರಳಿದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿಯ ಕಟ್ಟೆಯ ಮಾತು ಇಲ್ಲಿ ಬೇಡ. ಅವರ ದಿವಾನಗಿರಿಯಲ್ಲಿಯೇ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮೈಸೂರಿನ ಹುಡುಗರು ಆ ಓದಿಗಾಗಿ ಪೂನಾದ ದಾರಿ ಹಿಡಿಯಲೇಬೇಕಾದ ಕಾಲ ಅಲ್ಲಿಗೆ ಮುಗಿಯಿತು.